ಎಲ್‌ಪಿ, ಸಿಡಿ, ಸ್ಟ್ರೀಮಿಂಗ್: ಮನೆಗೆ ಯಾವುದು?

ಸೌಕರ್ಯದಲ್ಲಿ ಸ್ಟ್ರೀಮಿಂಗ್‌ಗೆ ಎದುರಿಲ್ಲ. 320 ಕೆಬಿಪಿಎಸ್‌ಗೆ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ದತ್ತಾಂಶ ಎಂಬ ಅಳತೆ) ಕುಗ್ಗಿಸಿದ ಹಾಡಿಗೂ ಸಿಡಿಯ 1,411ಕ್ಕೂ ಅಂಕಿಯಲ್ಲಿರುವಷ್ಟು ಅಂತರ ಕಿವಿಗೆ ಸಿಗದು. ಕಣ್ಣು ಮುಚ್ಚಿ ಗುರುತಿಸಲು ಹೋಗಿ ನಾನಂತೂ ಹಲವು ಸಲ ಸೋತಿದ್ದೇನೆ. ನಷ್ಟರಹಿತ (ಧ್ವನಿಯ ಯಾವ ಅಂಶವನ್ನೂ ಕಳೆಯದ) ಗುಣಮಟ್ಟಕ್ಕೇ ಚಂದಾ ಕಟ್ಟಿದರೂ ಬ್ಲೂಟೂತ್ ಸ್ಪೀಕರಿಗೆ ಕಳುಹಿಸಿದರೆ ಧ್ವನಿ ಸಾಮಾನ್ಯವಾಗಿ ಮತ್ತೆ ಕುಗ್ಗುತ್ತದೆ. ವೈಫೈ ಅಥವಾ ತಂತಿಯೇ ಸರಿ.

ಎಲ್‌ಪಿ (ಗ್ರಾಮಫೋನ್ ತಟ್ಟೆ) ಸಿಡಿಗಿಂತ ನಿಖರವೆಂಬುದು ಅಭಿಮಾನಿಗಳ ಮಾತು, ಅಳತೆಯದ್ದಲ್ಲ. ಸೂಜಿ ಒಳಸುತ್ತಿಗೆ ಸರಿದಂತೆ ಸ್ವರ ಒರಟಾಗುತ್ತದೆ, ಧೂಳು ಚಿಟಪಟ ಎನ್ನುತ್ತದೆ, ಸುಮಾರು 20 ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕು. ಆದರೂ ಕೆಲವು ಹಳೆಯ ಧ್ವನಿಮುದ್ರಣಗಳು ಅದರಲ್ಲೇ ಇಂಪು: ಸಿಡಿಗೆ ಮರುಮುದ್ರಿಸುವಾಗ ಸದ್ದಿನ ಏರಿಳಿತವನ್ನೇ ಹಿಸುಕಿರುತ್ತಾರೆ.

ನನ್ನ ಆಯ್ಕೆ ಸಿಡಿ. ಹಾಡುಗಳನ್ನು ಫ್ಲ್ಯಾಕ್ ಎಂಬ ನಷ್ಟರಹಿತ ಕಡತಗಳಾಗಿ ಕಂಪ್ಯೂಟರಿಗೆ ಇಳಿಸಿಕೊಂಡರೆ ಎದ್ದು ಹೋಗುವ ಕೆಲಸವೂ ಇಲ್ಲ, ಚಂದಾವೂ ಇಲ್ಲ. ಉಳಿದ ಹಣವನ್ನು ಸ್ಪೀಕರಿಗೆ ಹಾಕಿ.