ನಂಪೈಯಲ್ಲಿ ಫಂಕ್ಷನ್ ಹುಡುಕಲು ಐಪೈಥಾನ್ ಎಷ್ಟು ಉಪಯೋಗ?

ಕನ್ನಂಬಾಡಿ ಕಟ್ಟೆಯ ದಿನವಹಿ ನೀರಿನ ಮಟ್ಟವನ್ನು ಪ್ರಾಜೆಕ್ಟಿಗೆ ತೆಗೆದುಕೊಳ್ಳುವ ಮೈಸೂರು, ಮಂಡ್ಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೊದಲು ಎದುರಾಗುವುದು ಬಿಟ್ಟುಹೋದ ದಿನಗಳು. ಅವನ್ನು ತುಂಬಲು ಉದ್ದುದ್ದ ಫಾರ್ ಲೂಪ್ ಬರೆಯುತ್ತಾ ಕೂರುತ್ತಾರೆ. ಆ ಕೆಲಸಕ್ಕೆ ಪೈಥಾನ್ ಭಾಷೆಯ ಗಣಿತ ಲೈಬ್ರರಿಯಾದ ನಂಪೈಯಲ್ಲಿ ಫಂಕ್ಷನ್ ಮೊದಲೇ ಇದೆ, ಹೆಸರು ಗೊತ್ತಿರುವುದಿಲ್ಲ ಅಷ್ಟೆ. ಹೆಸರು ಹುಡುಕಿಕೊಡುವ ಸಾಧನ ಬೇಕೆಂದರೆ ನಮ್ಮ ಮೊದಲ ಆಯ್ಕೆ ಐಪೈಥಾನ್, ಪೈಥಾನ್ ಸಾಲುಗಳನ್ನು ಒಂದೊಂದಾಗಿ ಹೊಡೆದು ಉತ್ತರ ನೋಡುವ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಪೈಥಾನ್ ಪ್ಯಾಕೇಜು ತಂದು ಹಾಕುವ ಪಿಪ್‌ನಿಂದ ಒಮ್ಮೆ ಹಾಕಿಕೊಂಡರೆ ಲ್ಯಾಬಿನಲ್ಲಿ ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಬಳಸುವುದು ಸುಲಭ. ನಂಪೈಯನ್ನು ಎನ್‌ಪಿ ಎಂದು ಇಂಪೋರ್ಟ್ ಮಾಡಿ, ಎನ್‌ಪಿ.*ಇಂಟರ್ಪ್*? ಎಂದು ಹೊಡೆದು ಎಂಟರ್ ಒತ್ತಿ. ಹೆಸರಿನಲ್ಲಿ ಆ ಅಕ್ಷರಗಳಿರುವುದೆಲ್ಲ ಪಟ್ಟಿಯಾಗುತ್ತದೆ, ನಡುವೆ ಬಿಟ್ಟುಹೋದ ಅಂಕಿಗಳನ್ನು ಅಂದಾಜಿಸಿ ತುಂಬುವ ‘ಇಂಟರ್ಪ್’ ಅದರಲ್ಲೇ ಇರುತ್ತದೆ.

ತೊಡಕಿರುವುದೂ ಇಲ್ಲೇ. ಖಾಲಿ ಜಾಗ ತುಂಬಬೇಕು ಎಂದುಕೊಂಡವರು ಸಹಜವಾಗಿ ‘ಫಿಲ್’ ಎಂದು ಹುಡುಕುತ್ತಾರೆ. ಆಗ ಸಿಗುವುದು ‘ಫಿಲ್_ಡಯಾಗನಲ್’, ಮ್ಯಾಟ್ರಿಕ್ಸಿನ ಕರ್ಣ ತುಂಬುವ ಫಂಕ್ಷನ್. ಐಪೈಥಾನ್ ನೋಡುವುದು ಹೆಸರನ್ನು ಮಾತ್ರ, ಕೆಲಸವನ್ನಲ್ಲ. ವಿವರಣೆಯೊಳಗೂ ಹುಡುಕುತ್ತಿದ್ದ ‘ಲುಕ್‌ಫಾರ್’ ನಂಪೈಯಲ್ಲೇ ಇತ್ತು, 2024ರಲ್ಲಿ ಬಂದ 2.0 ಆವೃತ್ತಿಯಲ್ಲಿ ಅದನ್ನು ತೆಗೆದುಬಿಟ್ಟರು. ಹೊಸಬರಿಗೆ ಇದು ನಿಜವಾದ ನಷ್ಟ. ಬದಲಿ ಕಷ್ಟವೇನಲ್ಲ: ನಂಪೈಗೆ ಪೈಥಾನಿನ ಡಿರ್ ಫಂಕ್ಷನ್ ಕೊಡುವ ಹೆಸರುಗಳ ಮೇಲೆ ಲೂಪ್ ಹಾಕಿ, ಪ್ರತಿಯೊಂದರ ಜೊತೆಗಿರುವ ವಿವರಣೆಯಾದ ಡಾಕ್‌ಸ್ಟ್ರಿಂಗಿನಲ್ಲಿ ನಿಮ್ಮ ಪದ ಇದೆಯೇ ನೋಡಿ. ಕೆಲವಕ್ಕೆ ಡಾಕ್‌ಸ್ಟ್ರಿಂಗೇ ಇಲ್ಲದೆ ‘ನನ್’ (ಏನೂ ಇಲ್ಲ ಎಂಬ ಪೈಥಾನ್ ಗುರುತು) ಬರುತ್ತದೆ, ಅಲ್ಲಿಗೆ ಖಾಲಿ ಸ್ಟ್ರಿಂಗ್ ಕೊಡದಿದ್ದರೆ ಟೈಪ್ ಎರರ್ ಗ್ಯಾರಂಟಿ. ಪೈಥಾನ್ ಜೊತೆಗೇ ಬರುವ ಪೈಡಾಕ್‌ನ ಹುಡುಕಾಟ ಇದಕ್ಕೆ ಆಗದು, ಅದು ಓದುವುದು ಮಾಡ್ಯೂಲಿನ ಒಂದು ಸಾಲಿನ ಪರಿಚಯವನ್ನಷ್ಟೇ.

ಎರಡನೆಯ ತೊಡಕು ಆಳದ್ದು. ಏಳು ದಿನದ ಚಲಿಸುವ ಸರಾಸರಿಗೆ ‘ವಿಂಡೋ’ ಎಂದು ಎನ್‌ಪಿಯಲ್ಲಿ ಹುಡುಕಿದರೆ ‘ಸ್ಲೈಡಿಂಗ್_ವಿಂಡೋ_ವ್ಯೂ’ ಕಾಣದು. ಅದಿರುವುದು ನಂಪೈಯ ಲಿಬ್ ಎಂಬ ಉಪಮಾಡ್ಯೂಲಿನ ಒಳಗಿನ ಸ್ಟ್ರೈಡ್_ಟ್ರಿಕ್ಸ್‌ನಲ್ಲಿ. ನಕ್ಷತ್ರ ಚಿಹ್ನೆ ಒಂದೇ ಹಂತ ನೋಡುತ್ತದೆ, ಒಳಗಿಳಿಯಬೇಕಾದರೆ ಪ್ರತಿ ಹಂತಕ್ಕೂ ಒಂದು ಚುಕ್ಕೆ, ಒಂದು ನಕ್ಷತ್ರ ಸೇರಿಸಬೇಕು. ಸಿಕ್ಕ ಮೇಲೂ ಡಾಕ್‌ಸ್ಟ್ರಿಂಗಿನ ಕೊನೆಯವರೆಗೆ ಓದಿ. ಇದು ಬಹಳ ನಿಧಾನವಾಗಬಹುದು, ಇನ್ನೊಂದು ಪೈಥಾನ್ ಲೈಬ್ರರಿಯಾದ ಸೈಪೈಯ ಎನ್‌ಡಿಇಮೇಜ್‌ನಂಥ ಕಡೆ ಇದಕ್ಕೆಂದೇ ಮಾಡಿದ ಫಂಕ್ಷನ್‌ಗಳಿವೆ ಎಂದು ಅಲ್ಲೇ ಬರೆದಿದೆ. ‘ಸೀ ಆಲ್ಸೋ’ ಭಾಗವಂತೂ ಚಿನ್ನ. ಒಂದು ಹೆಸರು ಸಿಕ್ಕರೆ ಅದರ ನಂಟರೆಲ್ಲ ಸಿಗುತ್ತಾರೆ.

ಫಂಕ್ಷನ್ ಹೆಸರಿನ ಕೊನೆಗೆ ಎರಡು ಪ್ರಶ್ನಾರ್ಥಕ ಹಾಕಿದರೆ ಸೋರ್ಸ್ ಕೋಡ್ ತೋರಿಸುತ್ತದೆ, ಆದರೆ ನಂಪೈಯ ಮಟ್ಟಿಗೆ ಹೆಚ್ಚು ನಿರೀಕ್ಷೆ ಬೇಡ. ‘ಸರ್ಚ್‌ಸಾರ್ಟೆಡ್’ ತೆರೆದರೆ ಕಾಣುವುದು ಕೆಲಸವನ್ನು ಬೇರೆಡೆಗೆ ದಾಟಿಸುವ ಸಾಲು, ನಿಜವಾದ ಕೆಲಸ ಸಿ ಭಾಷೆಯಲ್ಲಿದೆ.

‘ಇಂಟರ್ಪ್’ ಬಳಸುವ ಮುನ್ನ ಒಂದು ಎಚ್ಚರಿಕೆ. ದಿನಾಂಕಗಳನ್ನು ಸಂಖ್ಯೆ ಮಾಡಿ ಏರಿಕೆಯ ಕ್ರಮದಲ್ಲಿ ಕೊಡಿ. ಕ್ರಮ ತಪ್ಪಿದ್ದರೆ ಎರರ್ ಬರುವುದಿಲ್ಲ, ಅರ್ಥವಿಲ್ಲದ ಉತ್ತರ ಬರುತ್ತದೆ. ಕೊನೆಯ ದಿನಾಂಕದಾಚೆಗೆ ಕೇಳಿದರೂ ತಕರಾರಿಲ್ಲದೆ ಕೊನೆಯ ಮಟ್ಟವನ್ನೇ ಕೊಡುತ್ತಾ ಹೋಗುತ್ತದೆ. ಕಟ್ಟೆ 124.80 ಅಡಿಗೆ ತುಂಬಿದ ದಿನ ಅಂಕಿಗಳು ನಿಂತಿದ್ದರೆ, ಆಮೇಲಿನ ಬೇಸಿಗೆಯಿಡೀ ಕಟ್ಟೆ ತುಂಬಿಯೇ ಇದ್ದಂತೆ ಗ್ರಾಫ್ ತೋರಿಸುತ್ತದೆ. ಇದನ್ನು ತಡೆಯಲು ‘ಲೆಫ್ಟ್’, ‘ರೈಟ್’ ಎರಡೂ ಆರ್ಗ್ಯುಮೆಂಟಿಗೆ ನ್ಯಾನ್ (ಅಂಕಿ ಇಲ್ಲ ಎಂಬ ಗುರುತು) ಕೊಡಿ.