ಎರಡು ಪದರದ ಕಿಟಕಿ ಗಾಜು: ಕೆಲಸ ಅಚ್ಚುಕಟ್ಟು, ಬಿಲ್ಲು ಭಾರ

ಮನೆಯ ಕಿಟಕಿಗಳಿಗೆ ಎರಡು ಪದರದ ಗಾಜು ಕೂರಿಸಿಕೊಟ್ಟ ಸಂಸ್ಥೆಯ ಕೆಲಸವನ್ನು ಮೊದಲು ಮೆಚ್ಚಲೇಬೇಕು. ಮೇಣದ ಬತ್ತಿಯನ್ನು ಗಾಜಿನ ಹತ್ತಿರ ಹಿಡಿದಾಗ, ಎರಡೂ ಹಾಳೆಗಳ ಎರಡೆರಡು ಮೈಗಳಿಗೆ ಒಂದೊಂದರಂತೆ, ಜ್ವಾಲೆಯ ನಾಲ್ಕು ಪ್ರತಿಬಿಂಬಗಳು ಕಂಡವು. ಅವುಗಳಲ್ಲಿ ಒಂದರ ಬಣ್ಣ ಮಾತ್ರ ಬೇರೆಯಾಗಿತ್ತು, ಅಂದರೆ ಶಾಖ ತಡೆಯುವ ಲೇಪನ ನಿಜವಾಗಿಯೂ ಇದೆ. ಹಾಳೆಗಳ ನಡುವೆ ಇದುವರೆಗೆ ಮಂಜು ಕಟ್ಟಿಲ್ಲ.

ನನ್ನ ಆಕ್ಷೇಪವಿರುವುದು ಬಿಲ್ಲಿನ ಬಗ್ಗೆ. ದರಪಟ್ಟಿಯಲ್ಲಿ ಸುಳಿವೇ ಇರದ ‘ಇಂಧನ ಸರ್‌ಚಾರ್ಜ್’ ಕೊನೆಯ ಸಾಲಿನಲ್ಲಿ ಪ್ರತ್ಯಕ್ಷವಾಗಿತ್ತು. ಗಾಜಿನ ಉದ್ಯಮದ ಕಷ್ಟ ಸುಳ್ಳೇನಲ್ಲ. ಮರಳು, ಸೋಡಾ ಆಶ್, ಸುಣ್ಣಕಲ್ಲುಗಳನ್ನು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸುವ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಹತ್ತು ಹದಿನೈದು ವರ್ಷ ಆರಿಸುವಂತಿಲ್ಲವಾದ್ದರಿಂದ, ಅನಿಲ ದುಬಾರಿಯಾದರೂ ಬೇಡಿಕೆ ಕುಸಿದರೂ ಅದನ್ನು ಉರಿಸುತ್ತಲೇ ಇರಬೇಕಾಗುತ್ತದೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಬಳಿಕ ಯುರೋಪಿನಲ್ಲಿ ಅನಿಲದ ದರ ಗಗನಕ್ಕೇರಿದಾಗ ಗಾಜಿನ ಕಾರ್ಖಾನೆಗಳು ತತ್ತರಿಸಿದ್ದು ಇದೇ ಕಾರಣಕ್ಕೆ. ಆದರೆ ಏರಿಕೆಯ ಸಾಧ್ಯತೆಯನ್ನು ಮುಂಗಡ ಪಡೆಯುವಾಗಲೇ ಬರೆದು ತಿಳಿಸುವುದಕ್ಕೆ ಯಾವ ಇಂಧನವೂ ಖರ್ಚಾಗುವುದಿಲ್ಲ.

ಇನ್ನೊಂದು ಮಾತು. ಒಡೆದ ಗಾಜು ಕಚ್ಚಾವಸ್ತುವಿಗಿಂತ ಕಡಿಮೆ ಶಾಖದಲ್ಲಿ ಕರಗುತ್ತದೆ. ಮಿಶ್ರಣದಲ್ಲಿ ಅದರ ಪಾಲು ಶೇಕಡ 10ರಷ್ಟು ಹೆಚ್ಚಿದರೆ ಇಂಧನದಲ್ಲಿ ಶೇಕಡ 2.5ರಿಂದ 3ರಷ್ಟು ಉಳಿತಾಯವಾಗುತ್ತದೆ. ಹೀಗಿರುವಾಗ, ಕಳಚಿದ ಹಳೆಯ ಗಾಜನ್ನು ಕೆಲಸಗಾರರು ಗಾರೆ, ಇಟ್ಟಿಗೆ ಚೂರುಗಳೊಂದಿಗೆ ಒಂದೇ ಚೀಲಕ್ಕೆ ಸುರಿದದ್ದನ್ನು ಕಂಡು, ಆ ಸರ್‌ಚಾರ್ಜಿನ ಸಾಲು ಮತ್ತಷ್ಟು ಚುಚ್ಚಿತು. ವಿಚಾರಿಸಿದ್ದಕ್ಕೆ, ಬೇರ್ಪಡಿಸಲು ಪ್ರತ್ಯೇಕ ಕೂಲಿಯಾಗುತ್ತದೆ ಎಂಬ ಉತ್ತರ ಬಂತು.