ಕನ್ನಡ ಪುಟಗಳ ವಿನ್ಯಾಸ: ಸಿಎಸ್‌ಎಸ್ ನಿಯಮಗಳನ್ನು ಎಲ್ಲಿ ಬರೆಯುವುದು?

ವೆಬ್ ಪುಟದ ಅಲಂಕಾರವನ್ನು ನಿರ್ಧರಿಸುವ ಸಿಎಸ್‌ಎಸ್ ನಿಯಮಗಳನ್ನು, ಪುಟದ ಬರಹವನ್ನು ಕಟ್ಟುವ ಎಚ್‌ಟಿಎಂಎಲ್ ಭಾಷೆಯ ಟ್ಯಾಗಿನೊಳಗೇ ಇನ್‌ಲೈನ್ ಆಗಿ ಬರೆಯಬಹುದು, ಪುಟದ ತಲೆಭಾಗದ ಸ್ಟೈಲ್ ಟ್ಯಾಗಿನಲ್ಲಿ ಇಡಬಹುದು, ಇಲ್ಲವೇ ಎಲ್ಲ ಪುಟಗಳಿಗೂ ಅನ್ವಯಿಸುವ ಪ್ರತ್ಯೇಕ ಕಡತದಲ್ಲಿ ಸೇರಿಸಬಹುದು. ಕನ್ನಡ ಪ್ರಬಂಧಗಳ ತಾಣವೊಂದನ್ನು ಕಟ್ಟುವಾಗ ಈ ಮೂರನ್ನೂ ಬಳಸಿ ನೋಡಿದ್ದೇನೆ.

ಕನ್ನಡ ಪುಟಕ್ಕೆ ನಿಜವಾದ ಪರೀಕ್ಷೆ ಒತ್ತಕ್ಷರ. ಇಂಗ್ಲಿಷಿಗೆ ಸಾಕಾಗುವ 1.2ರ ಲೈನ್‌-ಹೈಟ್ (ಅಕ್ಷರದ ಅಳತೆಗೆ ಹೋಲಿಸಿದ ಸಾಲಿನ ಎತ್ತರ) ಇಟ್ಟರೆ ‘ಸ್ತ್ರೀ’, ‘ರಾಷ್ಟ್ರ’ ಮುಂತಾದ ಪದಗಳ ಒತ್ತುಗಳು ಕೆಳಸಾಲಿನ ಗುಡಿಸುಗಳಿಗೆ ತಾಕುತ್ತವೆ; ಎತ್ತರ ನಿಗದಿಪಡಿಸಿ, ಅದನ್ನು ಮೀರಿದ ಭಾಗವನ್ನು (ಓವರ್‌ಫ್ಲೋ) ಮರೆಮಾಡಿದ ಶೀರ್ಷಿಕೆಗಳಲ್ಲಂತೂ ಕತ್ತರಿಸಿಯೇ ಹೋಗುತ್ತವೆ. ನೋಟೋ ಸೆರಿಫ್ ಕನ್ನಡ ಫಾಂಟಿಗೆ 1.7 ಇಟ್ಟಾಗ ಓದು ಹಿತವಾಯಿತು.

ಈ ಒಂದು ಬದಲಾವಣೆಯನ್ನು ಇನ್‌ಲೈನ್ ಶೈಲಿಯಲ್ಲಿ ಮಾಡಬೇಕೆಂದರೆ ಪ್ರತಿ ಪ್ಯಾರಾವನ್ನೂ ಮುಟ್ಟಬೇಕು. ಮೇಲಾಗಿ, ನಿಯಮ ಪುಟದ ಯಾವ ಭಾಗಕ್ಕೆ ಎಂದು ಗುರುತಿಸುವ ಸೆಲೆಕ್ಟರ್‌ಗಳಿಗಿಂತ ಇನ್‌ಲೈನ್ ನಿಯಮದ ತೂಕ ಹೆಚ್ಚಾದ್ದರಿಂದ, ಹೊರಗಿನ ನಿಯಮವು ‘ಇಂಪಾರ್ಟೆಂಟ್’ ಎಂಬ ಒತ್ತಾಯವಿಲ್ಲದೆ ಅದನ್ನು ಮೀರಲಾರದು; ಮೊಬೈಲಿಗೆ ಬೇರೆ ಅಳತೆ ಕೊಡುವ ಮೀಡಿಯಾ ಕ್ವೆರಿಗೂ ಅಲ್ಲಿ ಜಾಗವಿಲ್ಲ. 1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್‌ನ ಮೊದಲ ಶಿಫಾರಸು ಬಂದದ್ದು ಬರಹ ಮತ್ತು ಅಲಂಕಾರಗಳನ್ನು ಬೇರ್ಪಡಿಸಲೆಂದು. ಇನ್‌ಲೈನ್ ಅವೆರಡನ್ನೂ ಮತ್ತೆ ಕಲಸಿಬಿಡುತ್ತದೆ. ಆದರೂ ಹೊರಗಿನ ಕಡತವನ್ನು ಓದದ ಇಮೇಲ್ ತಂತ್ರಾಂಶಗಳು ಹಲವು ಇರುವುದರಿಂದ ಸುದ್ದಿಪತ್ರಕ್ಕೆ ನಾನು ಇದನ್ನೇ ಬಳಸುತ್ತೇನೆ.

ಸ್ಟೈಲ್ ಟ್ಯಾಗ್ ಒಂಟಿ ಪುಟಕ್ಕೆ, ಉದಾಹರಣೆಗೆ ಮದುವೆಯ ಆಮಂತ್ರಣಕ್ಕೆ, ಚೆನ್ನಾಗಿ ಒಪ್ಪುತ್ತದೆ. ಪುಟಗಳು ಹೆಚ್ಚಿದಂತೆ ಒಂದರ ಶೈಲಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ.

ಪ್ರತ್ಯೇಕ ಕಡತವೇ ನನ್ನ ಆಯ್ಕೆ. ಅದರಲ್ಲಿ ಭಾಷೆಯನ್ನು ಗುರುತಿಸುವ ‘ಲ್ಯಾಂಗ್’ ಸೆಲೆಕ್ಟರ್ ಬಳಸಿ ಕನ್ನಡಕ್ಕೆ 1.7, ಇಂಗ್ಲಿಷ್ ಉದ್ಧರಣೆಗೆ 1.4 ಎಂದು ಒಮ್ಮೆ ಬರೆದರೆ ಇಡೀ ತಾಣಕ್ಕೆ ಅನ್ವಯವಾಗುತ್ತದೆ. ಆದರೆ ಎಚ್‌ಟಿಎಂಎಲ್‌ನಲ್ಲಿ ಆಯಾ ಭಾಗದ ಭಾಷೆಯನ್ನು ನಮೂದಿಸಿರಲೇಬೇಕು. ಕನ್ನಡದ ಬಹುತೇಕ ಫಾಂಟುಗಳಿಗೆ ನಿಜವಾದ ಇಟಾಲಿಕ್ ರೂಪವಿಲ್ಲದೆ ಬ್ರೌಸರ್ ಅಕ್ಷರಗಳನ್ನು ಸುಮ್ಮನೆ ಓರೆಯಾಗಿಸುತ್ತದೆ. ಆ ಓರೆ ನನಗಂತೂ ಸಹಿಸದು. ಒತ್ತಿ ಹೇಳುವ ಪದಗಳು ನೇರವಾಗಿ, 600ರ ದಪ್ಪದಲ್ಲಿ ಬರುವಂತೆ ಅದೇ ಕಡತದಲ್ಲಿ ಸೂಚಿಸಿದ್ದೇನೆ.

ಇದಕ್ಕೂ ತೊಡಕಿಲ್ಲವೆಂದಲ್ಲ. ಕಡತ ಬಂದು ಸೇರುವವರೆಗೆ ಬ್ರೌಸರ್ ಪುಟವನ್ನು ತೋರಿಸದೆ ಕಾಯುತ್ತದೆ, ಮತ್ತು ಒಮ್ಮೆ ಬ್ರೌಸರಿನ ತಾತ್ಕಾಲಿಕ ಸಂಗ್ರಹವಾದ ಕ್ಯಾಶ್‌ನಲ್ಲಿ ಕುಳಿತ ಹಳೆಯ ಪ್ರತಿ ತಿದ್ದುಪಡಿಯ ಬಳಿಕವೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಪ್ರತಿ ತಿದ್ದುಪಡಿಗೂ ಕಡತದ ಹೆಸರಿನ ಆವೃತ್ತಿ ಸಂಖ್ಯೆಯನ್ನು ಬದಲಿಸುತ್ತೇನೆ.